ಕಣ್ಣು ಒದ್ದೆಯಾಗಿತ್ತೆಂಬ ಅರ್ಜಿ

ಎರಡನೇ ಕೋರ್ಟಿನ ನ್ಯಾಯಾಧೀಶೆಯ ಮೇಲೆ ಅರ್ಜಿ ಬಿದ್ದಿದೆ ಎಂಬ ಸುದ್ದಿ ಅವಳಿಗೆ ತಲುಪುವ ಮೊದಲೇ ಕೋರ್ಟಿನ ಕ್ಯಾಂಟೀನಿಗೆ ತಲುಪಿತ್ತು. ಬೆಳಿಗ್ಗೆ ಅವಳು ಮೆಟ್ಟಿಲು ಹತ್ತುವಾಗ ಎದುರಾದ ವಕೀಲರು ದಿನಕ್ಕಿಂತ ಒಂದು ಗೇಣು ಹೆಚ್ಚೇ ಬಗ್ಗಿ ನಮಸ್ಕರಿಸಿದರು. ಹದಿನಾಲ್ಕು ವರ್ಷದ ನೌಕರಿ ಅವಳಿಗೆ ಕಲಿಸಿದ್ದ ಪಾಠಗಳಲ್ಲಿ ಇದೂ ಒಂದು: ಈ ಕಟ್ಟಡದಲ್ಲಿ ನಮಸ್ಕಾರ ಜಾಸ್ತಿಯಾಯಿತೆಂದರೆ ಬೆನ್ನ ಹಿಂದೆ ಏನೋ ಬೇಯುತ್ತಿದೆ ಎಂದೇ ಲೆಕ್ಕ.

ಚೇಂಬರಿನಲ್ಲಿ ಶಿರಸ್ತೇದಾರ ಕಾದು ನಿಂತಿದ್ದ. ಇಪ್ಪತ್ತೆಂಟು ವರ್ಷದಿಂದ ಒಂದೇ ಮೇಜಿಗೆ ಅಂಟಿಕೊಂಡವನು. ಜಡ್ಜುಗಳು ಬರುತ್ತಾರೆ, ಹೋಗುತ್ತಾರೆ, ಕೋರ್ಟು ಮಾತ್ರ ನನ್ನದು ಎಂಬಂತೆ ನಡೆದುಕೊಳ್ಳುವ ಆಸಾಮಿ.

"ದೊಡ್ಡ ಸಾಹೇಬರ ಕಚೇರಿಯಿಂದ ಬಂದಿದೆ ಮೇಡಂ. ಒಂದು ವಾರದಲ್ಲಿ ನಿಮ್ಮ ವಿವರಣೆ ಕಳಿಸ್ಬೇಕಂತೆ," ಎಂದು ಲಕೋಟೆ ಇಟ್ಟ. ಲಕೋಟೆಯ ಬಾಯಿ ಆಗಲೇ ತೆರೆದಿತ್ತು.

"ನೀವು ಓದಿದ್ರಾ?"

"ಸೀಲು ಹಾಕೋಕೆ ತೆಗೀಬೇಕಾಯ್ತು," ಎಂದ ಅವನು, ಅವಳ ಮುಖದ ಬದಲು ಗೋಡೆಯ ಗಡಿಯಾರ ನೋಡುತ್ತ.

ಅರ್ಜಿ ಹಾಕಿದವನು ನೂಲಿನ ಗಿರಣಿಯ ಮ್ಯಾನೇಜರ್. ಅವಳ ಮುಂದೆ ವಿಚಾರಣೆ ನಡೆಯುತ್ತಿದ್ದ ಪ್ರಕರಣದಲ್ಲಿ ಆರೋಪಿ. ಅವನ ಪರ ವಕೀಲರ ಸಂಘದ ಅಧ್ಯಕ್ಷರೇ ನಿಂತಿದ್ದರು. ಮೂರನೇ ಪ್ಯಾರಾದ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು: "ದಿನಾಂಕ ಹನ್ನೊಂದರಂದು ಸಾಕ್ಷಿ ನುಡಿಯುತ್ತಿದ್ದಾಗ ಪೀಠಾಧಿಕಾರಿಯವರ ಕಣ್ಣು ಒದ್ದೆಯಾಗಿದ್ದು, ಅವರು ಕನ್ನಡಕ ತೆಗೆದು ಒರೆಸಿಕೊಂಡಿರುತ್ತಾರೆ. ಸ್ತ್ರೀಸಹಜವಾದ ಭಾವುಕತೆಯಿಂದ ಪೀಠವು ಒಂದು ಪಕ್ಷಕ್ಕೆ ವಾಲಿರುವುದರಿಂದ ನ್ಯಾಯ ದೊರೆಯುವ ಭರವಸೆ ಅರ್ಜಿದಾರನಿಗೆ ಉಳಿದಿರುವುದಿಲ್ಲ. ಪ್ರಕರಣವನ್ನು ಒಂದನೇ ಕೋರ್ಟಿಗೆ ವರ್ಗಾಯಿಸಬೇಕಾಗಿ ಪ್ರಾರ್ಥನೆ."

ಅವಳು ಅದನ್ನು ಎರಡು ಸಲ ಓದಿದಳು. ಗೋಡೆಯ ಆಚೆಯಿಂದ ಒಂದನೇ ಕೋರ್ಟಿನ ಸಾಹೇಬರ ದನಿ ಅಷ್ಟು ಬೆಳಿಗ್ಗೆಯೇ ಕೇಳುತ್ತಿತ್ತು. ಅವರನ್ನು ಎಲ್ಲರೂ ಗುಡುಗು ಸಾಹೇಬರು ಎನ್ನುತ್ತಿದ್ದರು. ಹೋದ ತಿಂಗಳು ಕಕ್ಷಿದಾರನೊಬ್ಬನ ಮುಖಕ್ಕೆ ಫೈಲು ಬೀಸಿದ್ದರು. ಅದರ ಹಿಂದಿನ ತಿಂಗಳು ಒಬ್ಬ ಮುದುಕನನ್ನು ಕಟಕಟೆಯಲ್ಲೇ "ಕತ್ತೆ" ಎಂದಿದ್ದರು. ಅದಕ್ಕೆಲ್ಲ ಯಾರೂ ಅರ್ಜಿ ಹಾಕಿರಲಿಲ್ಲ. "ಸಾಹೇಬರು ಕಟ್ಟುನಿಟ್ಟು" ಎಂದು ಹೊಗಳಿಕೊಂಡೇ ಓಡಾಡುತ್ತಿದ್ದರು. ಅವರಿಗೆ ಕೈಮುಗಿದು "ಮಹಾಸ್ವಾಮಿ" ಎನ್ನುವ ಅದೇ ಅಧ್ಯಕ್ಷರು ಗೋಡೆ ದಾಟಿ ಈಚೆ ಬಂದರೆ "ನೋಡಿ ಅಮ್ಮಾವ್ರೇ" ಎಂದು ಶುರು ಮಾಡುತ್ತಿದ್ದರು.

ಹನ್ನೊಂದನೇ ತಾರೀಖು ನಡೆದದ್ದು ಹೀಗೆ.

ಸಾಕ್ಷಿ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗಿ, ವಯಸ್ಸು ಹತ್ತೊಂಬತ್ತು. ಯಂತ್ರದ ತಿರುಗುವ ದಂಡಕ್ಕೆ ಹಾಕಿದ್ದ ಜಾಲರಿಯನ್ನು ಮ್ಯಾನೇಜರ್ ತೆಗೆಸಿದ್ದ. ಜಾಲರಿ ಇದ್ದರೆ ಪದೇಪದೇ ಯಂತ್ರ ನಿಲ್ಲಿಸಿ ನೂಲು ಬಿಡಿಸಬೇಕು, ಕೆಲಸ ನಿಧಾನ ಎಂಬುದು ಅವನ ತಕರಾರು. ಜಾಲರಿ ತೆಗೆದ ಒಂಬತ್ತನೇ ದಿನ ಹುಡುಗಿಯ ಕೂದಲು ದಂಡಕ್ಕೆ ಸುತ್ತಿಕೊಂಡಿತು. ಪಕ್ಕದವಳು ಯಂತ್ರ ನಿಲ್ಲಿಸುವಷ್ಟರಲ್ಲಿ ನೆತ್ತಿಯ ಚರ್ಮ ಕೂದಲ ಸಮೇತ ಕಿತ್ತು ಬಂದಿತ್ತು.

ಅಧ್ಯಕ್ಷರು ಸಾವಕಾಶವಾಗಿ ಎದ್ದು ನಿಂತು, ಗೌನಿನ ತೋಳು ಹಿಂದಕ್ಕೆ ಸರಿಸಿ, ಪಾಟೀಸವಾಲು ಶುರು ಮಾಡಿದರು.

"ಅವತ್ತು ಜಡೆ ಹಾಕಿದ್ಯೋ, ಬಿಟ್ಕೊಂಡಿದ್ಯೋ?"

"ಗಂಟು ಹಾಕಿ ಮೇಲೆ ಬಟ್ಟೆ ಕಟ್ಟಿದ್ದೆ ಸಾರ್."

"ನಿನ್ನ ಯಂತ್ರದ ಪಕ್ಕ ಕಿಟಕಿ ಇದೆ. ಅದರ ಗಾಜಲ್ಲಿ ಮುಖ ನೋಡ್ಕೋತಾ ಮೈಮರೆತಿದ್ದೆ, ಅಲ್ವಾ?"

"ಆ ಗಾಜಲ್ಲಿ ಹತ್ತಿ ಧೂಳು ಬಿಟ್ರೆ ಇನ್ನೇನೂ ಕಾಣಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷರ ಕಿವಿ ಕೆಂಪಾಯಿತು. ಮೂವತ್ತು ವರ್ಷ ಸಾಕ್ಷಿಗಳನ್ನು ಅರೆದು ಕುಡಿದವರಿಗೆ ನೂಲು ಬಿಡಿಸುವ ಹುಡುಗಿಯೊಬ್ಬಳು ಮೂಗಿನ ಮೇಲೆ ಹೊಡೆದಂತೆ ಉತ್ತರ ಕೊಟ್ಟಿದ್ದಳು. ಅವರು ಪೀಠದ ಕಡೆ ತಿರುಗಿದರು.

"ಗಾಯ ಅಷ್ಟು ದೊಡ್ಡದು, ಇಷ್ಟು ದೊಡ್ಡದು ಅಂತ ಡಾಕ್ಟರು ಬರೆದಿದ್ದಾರೆ ಅಮ್ಮಾವ್ರೇ. ಕೋರ್ಟಿಗೇ ತೋರಿಸ್ಲಿ. ತಲೆ ಮೇಲಿನ ಬಟ್ಟೆ ತೆಗೀಲಿ."

"ವೈದ್ಯರ ವರದಿ ಇದೆ, ಫೋಟೋ ಇದೆ. ಇದರ ಅಗತ್ಯ ಏನು?"

"ಅದು ನನ್ನ ಕಕ್ಷಿದಾರನ ಹಕ್ಕು. ಬೇಡ ಅನ್ನೋದಾದ್ರೆ ಹಾಗಂತ ಬರೆಸಿ. ಮೇಲಿನ ಕೋರ್ಟಿಗೆ ಹೋಗಿ ಕೇಳ್ತೀನಿ."

ನ್ಯಾಯಾಧೀಶೆ ಪೆನ್ನು ಎತ್ತಿದಳು. ಅದು ಕಾಗದಕ್ಕೆ ತಾಗುವ ಮೊದಲೇ ಹುಡುಗಿ ಎರಡೂ ಕೈ ಹಿಂದೆ ಮಾಡಿ ಬಟ್ಟೆಯ ಗಂಟು ಬಿಚ್ಚಿ, ತಲೆ ಬಗ್ಗಿಸಿ ನಿಂತಳು. ಬಾಗಿಲ ಬಳಿಯ ಜವಾನ ಮುಖ ಆಚೆ ತಿರುಗಿಸಿದ. ಸ್ಟೆನೋನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಅಧ್ಯಕ್ಷರ ಪಕ್ಕದಲ್ಲಿದ್ದ ಅವರ ಜೂನಿಯರ್ ಕೂಡ ನೆಲ ನೋಡಿದ.

ಬಗ್ಗಿಸಿದ ತಲೆ ಎತ್ತದೆ ಹುಡುಗಿಯೇ ಕೇಳಿದಳು, "ಸಾಕಾ ಸಾರ್?"

ಆಗಲೇ ನ್ಯಾಯಾಧೀಶೆಯ ಕಣ್ಣು ಮಂಜಾದದ್ದು. ಅವಳು ಕನ್ನಡಕ ತೆಗೆದಳು, ಒರೆಸಿಕೊಂಡಳು, ಮತ್ತೆ ಹಾಕಿಕೊಂಡಳು. ಆಮೇಲೆ ಸ್ಟೆನೋನನ್ನು ನಂಬದೆ ತನ್ನ ಕೈಯಲ್ಲೇ ಟಿಪ್ಪಣಿ ಬರೆದಳು: ಸಾಕ್ಷಿ ಆದೇಶಕ್ಕೆ ಕಾಯದೆ ತಾನಾಗಿಯೇ ಬಟ್ಟೆ ತೆಗೆದಿದ್ದಾಳೆ. ಎಡಕಿವಿಯ ಮೇಲಿನಿಂದ ನೆತ್ತಿಯ ಆಚೆಯವರೆಗೆ ಕೂದಲಿಲ್ಲ. ಧ್ವನಿಯಲ್ಲಿ ವ್ಯತ್ಯಾಸವಿಲ್ಲ. ಸಂಜೆಯವರೆಗೆ ಅಧ್ಯಕ್ಷರು ಇನ್ನೂ ಇಪ್ಪತ್ತೊಂದು ಪ್ರಶ್ನೆ ಕೇಳಿದರು. ಪ್ರತಿಯೊಂದನ್ನೂ ನ್ಯಾಯಾಧೀಶೆ ಕೇಳಗೊಟ್ಟಳು. ಪ್ರತಿ ಉತ್ತರವನ್ನೂ ಹುಡುಗಿಯ ಮಾತಿನಲ್ಲೇ ಬರೆಸಿದಳು. ಅಂದು ಎದ್ದ ಆಕ್ಷೇಪಣೆಗಳೆಲ್ಲ ಮ್ಯಾನೇಜರನ ಪರವಾಗಿಯೇ ತೀರ್ಮಾನವಾಗಿದ್ದವು. ಅರ್ಜಿಯಲ್ಲಿ ಅದರ ಸುಳಿವೇ ಇರಲಿಲ್ಲ.

ಎರಡು ದಿನ ಬಿಟ್ಟು ದೊಡ್ಡ ಸಾಹೇಬರು ಕರೆಸಿದರು. ಜಿಲ್ಲೆಯ ನ್ಯಾಯಾಲಯಗಳಿಗೆಲ್ಲ ಹಿರಿಯರು, ಮೆದು ಮಾತಿನವರು. ಯಾರ ಮೇಲೂ ದನಿ ಎತ್ತದೆ ಕೆಲಸ ಮುಗಿಸುವುದರಲ್ಲಿ ಹೆಸರುವಾಸಿ.

"ಕೂತ್ಕೊಳ್ಳಮ್ಮ. ನೀನು ನನ್ನ ಮಗಳ ಹಾಗೆ, ಅದಕ್ಕೇ ಬಿಚ್ಚಿ ಹೇಳ್ತೀನಿ. ಇದು ಗುಡ್ಡದಂಥ ವಿಷಯ ಏನಲ್ಲ. 'ಕಣ್ಣಿಗೆ ಧೂಳು ಬಿದ್ದಿತ್ತು' ಅಂತ ಒಂದು ಸಾಲು ಬರೆದುಕೊಡು. ಅರ್ಜಿ ವಜಾ ಮಾಡಿ ಬಿಸಾಕ್ತೀನಿ."

"ಧೂಳು ಬಿದ್ದಿರಲಿಲ್ಲ ಸಾರ್."

"ನೆಗಡಿ ಅಂತ ಬರಿ."

"ನೆಗಡೀನೂ ಇರಲಿಲ್ಲ. ಕಣ್ಣು ಒದ್ದೆಯಾಗಿದ್ದು ನಿಜ."

ದೊಡ್ಡ ಸಾಹೇಬರು ಮೇಜಿನ ಮೇಲಿನ ಪೇಪರ್‌ವೇಟನ್ನು ನಿಧಾನವಾಗಿ ತಿರುಗಿಸಿದರು. "ನಿಜ ಹೇಳೋಕೆ ಸಾಕ್ಷಿಗಳಿದ್ದಾರೆ. ನಾವು ಕುರ್ಚಿ ಉಳಿಸ್ಕೋಬೇಕು. ಆ ಜಾಗದಲ್ಲಿ ಕೂತವರಿಗೆ ಕಣ್ಣೀರು ಶೋಭೆಯಲ್ಲ."

"ಸಿಟ್ಟು ಶೋಭೆಯಾ ಸಾರ್?"

"ಏನಂದೆ?"

"ಪಕ್ಕದ ಕೋರ್ಟಲ್ಲಿ ಫೈಲು ಹಾರಾಡ್ತವೆ. ಅವರ ಹತ್ರ ಯಾರೂ ವಿವರಣೆ ಕೇಳಿಲ್ಲ."

"ಅವರು ಬೇರೆ," ಎಂದರು ದೊಡ್ಡ ಸಾಹೇಬರು. ಹೇಗೆ ಬೇರೆ ಎಂದು ಹೇಳುವ ಗೋಜಿಗೆ ಹೋಗಲಿಲ್ಲ. ಮೆದು ದನಿ ಮೆದುವಾಗಿಯೇ ಇತ್ತು, 'ಅಮ್ಮ' ಮಾತ್ರ ಬಿದ್ದುಹೋಯಿತು. "ವಾರದೊಳಗೆ ಕಳಿಸಿ, ಮೇಡಂ."

ಮನೆಯಲ್ಲೂ ಅದೇ ರಾಗ. ಗಂಡ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವನು. ಕೆಟ್ಟವನಲ್ಲ, ತಂಟೆ ತಕರಾರು ಎಂದರೆ ಆಗದು ಅಷ್ಟೆ. ಸಂಜೆ ಬಟ್ಟೆ ಮಡಚುತ್ತ ಹೇಳಿದ, "ಒಂದು ಸಾಲು ತಾನೇ. ಧೂಳು ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ? ನಾವೂ ನಕ್ಷೆಯಲ್ಲಿ ಗೆರೆ ಆಚೀಚೆ ಆದ್ರೆ ಇಲಿ ಕಡೀತು ಅಂತ ಬರೀತೀವಪ್ಪ."

"ನಿಮ್ಮ ಇಲಿ ಪ್ರಮಾಣ ಮಾಡಿ ಕುರ್ಚಿಯಲ್ಲಿ ಕೂತಿಲ್ಲ," ಎಂದಳು ಅವಳು.

ಒಳಗಿನ ಕೋಣೆಯಿಂದ ಅತ್ತೆ ಕೆಮ್ಮಿದರು. ಅದು ಮಾತಿಗೆ ಬರುವ ಮುನ್ಸೂಚನೆ. ಅವರು ಒಂದು ಸರ್ಕಾರಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಟೈಪಿಸ್ಟ್ ಆಗಿದ್ದವರು. ಸೊಸೆಯ ಮೇಲೆ ಅವರಿಗೇನೂ ಅತಿ ಮಮತೆ ಇರಲಿಲ್ಲ. ಸಾರಿನ ಉಪ್ಪಿನಿಂದ ಹಿಡಿದು ಸೀರೆಯ ನೆರಿಗೆಯವರೆಗೆ ಹುಳುಕು ಹುಡುಕುತ್ತಿದ್ದರು. ಆ ಸಂಜೆ ಮಾತ್ರ ಬಾಗಿಲಿಗೆ ಬಂದು ನಿಂತರು.

"ಸುಮ್ನಿರೋ ನೀನು. ಗಂಡಸು ಕಿರುಚಿದ್ರೆ ಖಡಕ್ಕು, ಹೆಂಗಸು ಮೂಗೊರೆಸಿದ್ರೆ ನಾಟಕ. ನಮ್ಮ ಆಫೀಸಲ್ಲೂ ಇದೇ ಬಾಳು. ಮೂವತ್ಮೂರು ವರ್ಷ ನಾನು ಸಾಹೇಬ್ರುಗಳ ಒತ್ತು ದೀರ್ಘ ತಿದ್ದಿ ತಿದ್ದಿ ಕೊಟ್ಟೆ. ಕೊನೆಗೆ ಬೀಳ್ಕೊಡೋವಾಗ ಏನಂದ್ರು ಗೊತ್ತಾ? 'ಇವರು ತುಂಬಾ ಶಾಂತ ಸ್ವಭಾವದವರು' ಅಂತ." ಆಮೇಲೆ ಸೊಸೆಯ ಕಡೆ ತಿರುಗಿ, "ಅತ್ತಿದ್ರೆ ಅತ್ತೆ ಅಂತ್ಲೇ ಬರಿ. ತಪ್ಪಿಲ್ಲದೆ ಬರಿ, ಅಷ್ಟೇ," ಎಂದು ಒಳಗೆ ಹೋದರು.

ಅವಳು ಬರೆದಳು. ಒಂದೂವರೆ ಪುಟ. ಸದರಿ ದಿನ ನನ್ನ ಕಣ್ಣು ಒದ್ದೆಯಾಗಿದ್ದು ನಿಜ. ಒರೆಸಿಕೊಂಡದ್ದೂ ನಿಜ. ಅಂದು ಆರೋಪಿಯ ವಕೀಲರು ಕೇಳಿದ ಯಾವ ಪ್ರಶ್ನೆಯನ್ನೂ ತಡೆದಿಲ್ಲ. ಸಾಕ್ಷಿಯ ಒಂದು ಉತ್ತರವನ್ನೂ ತಿದ್ದಿಲ್ಲ. ದಾಖಲೆ ಲಗತ್ತಿಸಿದೆ. ವಾಲಿದ್ದು ಎಲ್ಲಿ ಎಂದು ಅರ್ಜಿದಾರರು ಅದರಲ್ಲಿ ಬೆರಳಿಟ್ಟು ತೋರಿಸಲಿ. ಕೊನೆಗೆ ಒಂದು ಸಾಲು ಸೇರಿಸಿದಳು: "ಸ್ತ್ರೀಸಹಜ ಎಂಬ ಪದಕ್ಕೆ ಕಾನೂನಿನಲ್ಲಿ ಅರ್ಥವಿವರಣೆ ಇಲ್ಲವಾದ್ದರಿಂದ ಆ ಭಾಗಕ್ಕೆ ಉತ್ತರಿಸಲು ಸಾಧ್ಯವಾಗಿಲ್ಲ."

ಹತ್ತನೇ ದಿನ ದೊಡ್ಡ ಸಾಹೇಬರ ಆದೇಶ ಬಂತು. ಪೀಠಾಧಿಕಾರಿಯವರೇ ಕಣ್ಣೀರನ್ನು ಒಪ್ಪಿಕೊಂಡಿರುವುದರಿಂದ, ನ್ಯಾಯ ನಡೆದರಷ್ಟೇ ಸಾಲದು, ನಡೆದಂತೆ ಕಾಣಲೂ ಬೇಕಾದ್ದರಿಂದ, ಪ್ರಕರಣ ಒಂದನೇ ಕೋರ್ಟಿಗೆ ವರ್ಗ. ಶಿರಸ್ತೇದಾರ ಫೈಲಿಗೆ ದಾರ ಕಟ್ಟಿ ಸ್ವತಃ ಹೊತ್ತುಕೊಂಡು ಹೋದ. ಬೇರೆ ದಿನ ಒಂದು ಕಾಗದ ಎತ್ತಲೂ ಜವಾನನನ್ನು ಕೂಗುವವನು.

ಆ ಮಧ್ಯಾಹ್ನ ಕಾರಿಡಾರಿನ ತಿರುವಿನಲ್ಲಿ ಗಿರಣಿಯ ಹುಡುಗಿ ಎದುರಾದಳು. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು, ಜೊತೆಗೆ ಅವಳ ಅಕ್ಕ.

"ಅಮ್ಮಾ, ಕೇಸು ಆಚೆ ಹೋಯ್ತಂತೆ. ನಾನೇನಾದ್ರೂ ತಪ್ಪು ಹೇಳಿದ್ನಾ? ಆ ಸಾಹೇಬ್ರ ಮುಂದೆ ಮತ್ತೆ ಬಟ್ಟೆ ತೆಗೀಬೇಕಾ?"

ನ್ಯಾಯಾಧೀಶೆಯಾದವಳು ಸಾಕ್ಷಿಯ ಜೊತೆ ಹೊರಗೆ ಮಾತಾಡುವಂತಿಲ್ಲ. ನಾಲ್ಕು ಹೆಜ್ಜೆ ಆಚೆ ಅಧ್ಯಕ್ಷರ ಜೂನಿಯರ್ ಕಂಬಕ್ಕೊರಗಿ ನೋಡುತ್ತಿದ್ದ. ಅವಳು ಏನೂ ಕೇಳಿಸದವಳಂತೆ ನಡೆದು ಚೇಂಬರು ಸೇರಿಕೊಂಡಳು. ಹಿಂದಿನಿಂದ ಅಕ್ಕನ ದನಿ ಕೇಳಿಸಿತು: "ಬಾರೇ, ಅವರೂ ಅವರ ಪೈಕೀನೇ." ಅಧ್ಯಕ್ಷರು ಬರೆಸಿದ ಅಷ್ಟುದ್ದದ ಅರ್ಜಿ ಕೊಡದ ಸಂಕಟವನ್ನು ಆ ನಾಲ್ಕು ಮಾತು ಕೊಟ್ಟವು. ಅಂದು ಉಳಿದ ಕೇಸುಗಳನ್ನೆಲ್ಲ ಅವಳು ಹಲ್ಲು ಕಚ್ಚಿಕೊಂಡೇ ನಡೆಸಿದಳು.

ಮುಂದಿನ ತಿಂಗಳುಗಳಲ್ಲಿ ಚುಚ್ಚುವುದೆಲ್ಲ ನವಿರಾಗಿಯೇ ನಡೆಯಿತು. ಹುಡುಕಿದರೂ ಬೆರಳಿಟ್ಟು ತೋರಿಸುವಂಥದ್ದೇನೂ ಸಿಗದು. ವಾದದ ನಡುವೆ ವಕೀಲರು ಕರವಸ್ತ್ರ ತೆಗೆದು ಮೇಜಿನ ತುದಿಯಲ್ಲಿ ಇಡುತ್ತಿದ್ದರು, ಸುಮ್ಮನೆ. ಜೀವನಾಂಶದ ಕೇಸುಗಳೂ ಗಂಡ ಹೆಂಡಿರ ಜಗಳಗಳೂ ಒಟ್ಟಾಗಿ ಅವಳ ಕೋರ್ಟಿಗೇ ಬಂದು ಬೀಳತೊಡಗಿದವು, "ನಿಮಗೆ ಅದು ಚೆನ್ನಾಗಿ ಅರ್ಥ ಆಗುತ್ತೆ" ಎಂಬ ವಿವರಣೆಯ ಸಮೇತ. ಜಮೀನು, ಕಂಪನಿ, ವಂಚನೆ ಪ್ರಕರಣಗಳು ಗೋಡೆಯಾಚೆ ಹೋದವು.

ಗಿರಣಿಯ ಕೇಸಿನಲ್ಲಿ ಅಧ್ಯಕ್ಷರು ಹುಡುಗಿಯನ್ನು ಮತ್ತೊಮ್ಮೆ ಕಟಕಟೆಗೆ ಕರೆಸಬೇಕೆಂದು ಕೇಳಿದರು. ಹೊಸ ಪೀಠವೂ ಸಾಕ್ಷಿಯನ್ನು ಕಣ್ಣಾರೆ ನೋಡಲಿ ಎಂಬುದು ನೆಪ. ಗುಡುಗು ಸಾಹೇಬರು ದಾಖಲೆ ತಿರುವಿ, "ಎಲ್ಲಾ ಇದರಲ್ಲೇ ಇದೆ. ಒಂದು ಪ್ರಶ್ನೇನೂ ಬಾಕಿ ಉಳಿದಿಲ್ಲ. ನನ್ನ ಟೈಮು ಹಾಳು ಮಾಡ್ಬೇಡಿ," ಎಂದು ಗುಡುಗಿದರಂತೆ. ಕ್ಯಾಂಟೀನಿನಿಂದ ಈ ಸುದ್ದಿ ತಂದವನು ಅವಳ ಜವಾನ. ಅವಳು ಅದನ್ನು ಕೇಳಿ, ಚೇಂಬರಿನ ಬಾಗಿಲು ಹಾಕಿ ಒಂದು ಲೋಟ ನೀರು ಕುಡಿದಳು. ಹುಡುಗಿ ಎರಡನೇ ಸಲ ತಲೆ ಬಗ್ಗಿಸಿ ನಿಲ್ಲಬೇಕಾಗಿ ಬರಲಿಲ್ಲ. ಅದು ತನ್ನ ಕೈಬರಹದ ಕೆಲಸ ಎಂದು ಅವಳಿಗೆ ಗೊತ್ತಿತ್ತು. ಆ ಹುಡುಗಿಗೆ ಗೊತ್ತಿರಲಿಲ್ಲ.

ಏಳನೇ ತಿಂಗಳು ತೀರ್ಪು ಬಂತು. ಮ್ಯಾನೇಜರನಿಗೆ ಎರಡು ವರ್ಷ ಸಜೆ. ಪತ್ರಿಕೆಗಳಲ್ಲಿ ಗುಡುಗು ಸಾಹೇಬರ ಫೋಟೋ, "ನಿರ್ಭೀತ ತೀರ್ಪು" ಎಂಬ ತಲೆಬರಹ. ವಕೀಲರ ಸಂಘದಲ್ಲಿ ಸನ್ಮಾನ. ಸೋತ ಅಧ್ಯಕ್ಷರೇ ನಿಂತು ಶಾಲು ಹೊದಿಸಿ, "ಇಂಥ ಗಂಡೆದೆಯ ನ್ಯಾಯಾಧೀಶರು ನಮ್ಮ ಭಾಗ್ಯ," ಎಂದರು. ಅವಳು ಎರಡನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು, ತಟ್ಟದಿದ್ದರೆ ಅದಕ್ಕೂ ಒಂದು ಅರ್ಥ ಹುಟ್ಟುತ್ತದೆಂದು ಗೊತ್ತಿದ್ದುದರಿಂದ.

ಅದೇ ವಾರ ಅವಳ ವರ್ಷದ ಗುಪ್ತ ವರದಿ ಕೈಗೆ ಬಂತು. ಕೆಲಸ: ಉತ್ತಮ. ಕಾನೂನು ಜ್ಞಾನ: ಉತ್ತಮ. ಅದರ ಕೆಳಗೆ ದೊಡ್ಡ ಸಾಹೇಬರ ದುಂಡು ಅಕ್ಷರ: "ಭಾವನಾತ್ಮಕ ಸ್ಥಿರತೆಯಲ್ಲಿ ಸುಧಾರಣೆ ಅಗತ್ಯ." ಆ ಸಾಲು ಇದ್ದರೆ ಮುಂದಿನ ಬಡ್ತಿ ಪಟ್ಟಿಯಲ್ಲಿ ಅವಳ ಹೆಸರು ಬಾರದು.

ಅವಳು ತೀರ್ಪಿನ ಪ್ರತಿ ತರಿಸಿ ಓದಿದಳು. ಐವತ್ತೆರಡು ಪುಟ. ಮೂವತ್ತೆಂಟನೇ ಪುಟದ ಮೂವತ್ತೊಂದನೇ ಪ್ಯಾರಾದಲ್ಲಿ ಅವಳದೇ ಟಿಪ್ಪಣಿ, ಅವಳದೇ ಪದಗಳು, ಧ್ವನಿಯಲ್ಲಿ ವ್ಯತ್ಯಾಸವಿಲ್ಲ ಎಂಬವರೆಗೆ. ಯಾರು ಬರೆದದ್ದೆಂದು ಇಲ್ಲ. ಅದರ ಮುಂದೆ ಗುಡುಗು ಸಾಹೇಬರದೇ ಒಂದು ವಾಕ್ಯ: "ಸಾಕ್ಷ್ಯವನ್ನು ಅತ್ಯಂತ ನಿಷ್ಪಕ್ಷಪಾತವಾಗಿ ದಾಖಲಿಸಲಾಗಿದ್ದು, ಇಡೀ ತೀರ್ಪು ಅದರ ಮೇಲೆ ನಿಂತಿದೆ."

ಊಟದ ಬಿಡುವಿನಲ್ಲಿ ಅವಳು ಗೋಡೆಯಾಚೆಯ ಚೇಂಬರಿಗೆ ಹೋದಳು. ಅವರು ಹಲ್ಲುಕಡ್ಡಿ ಹಿಡಿದು ಆರಾಮಾಗಿ ಕೂತಿದ್ದರು.

"ಮೂವತ್ತೊಂದನೇ ಪ್ಯಾರಾ ನಂದು."

"ಯಾವುದದು? ಓ, ಅದಾ. ದಾಖಲೆಯಲ್ಲಿತ್ತು, ತಗೊಂಡೆ. ದಾಖಲೆ ಯಾರಪ್ಪನ ಮನೆ ಆಸ್ತೀನೂ ಅಲ್ವಲ್ಲ ಮೇಡಂ. ಆ ಹುಡುಗಿಗೆ ನ್ಯಾಯ ಸಿಕ್ತು. ನಿಮಗೆ ಸಂತೋಷ ಆಗ್ಬೇಕು."

"ಆಗಿದೆ. ನಿಷ್ಪಕ್ಷಪಾತ ಅಂತ ಬರೆದಿದ್ದೀರಿ. ಅದನ್ನ ಬರೆದದ್ದು ಯಾರ ಬಗ್ಗೆ ಅಂತ ನಿಮಗೆ ಗೊತ್ತಿತ್ತು."

ಅವರು ಹಲ್ಲುಕಡ್ಡಿ ಕೆಳಗಿಟ್ಟರು. "ನೋಡಿ, ನಿಮ್ಮ ವರದಿ ವಿಷಯ ನನ್ನ ಕಿವಿಗೂ ಬಿದ್ದಿದೆ. ಅದರಲ್ಲಿ ನನ್ನ ಎಳೀಬೇಡಿ."

"ನಾನು ಎಳೀತಿಲ್ಲ. ನೀವೇ ಬಂದು ಪುಟ ಮೂವತ್ತೆಂಟರಲ್ಲಿ ನಿಂತಿದ್ದೀರಿ. ಸಹೀನೂ ಹಾಕಿದ್ದೀರಿ."

"ಇಷ್ಟು ಸಣ್ಣದಕ್ಕೆ ಇಷ್ಟೊಂದು ಸಿಟ್ಟಾ?"

"ಹೋದ ಸಲ ಕಣ್ಣೀರು ಜಾಸ್ತಿಯಾಯ್ತು, ಈ ಸಲ ಸಿಟ್ಟು. ನಿಮಗೆಲ್ಲ ನಾನು ಏನು ಮಾಡಿದ್ರೆ ಸರಿಹೋಗುತ್ತೆ ಅಂತ ಒಂದು ಪಟ್ಟಿ ಕೊಡಿ," ಎಂದಳು. ದನಿ ಎತ್ತರಿಸಿರಲಿಲ್ಲ, ಆದರೂ ಹೊರಗೆ ಬೆಂಚಿನ ಮೇಲಿದ್ದವರು ಮಾತು ನಿಲ್ಲಿಸಿದ್ದರು. ಅವಳು ಬಾಗಿಲು ತೆರೆದುಕೊಂಡು ಬಂದಳು.

ವರದಿಯ ಆ ಸಾಲಿನ ವಿರುದ್ಧ ಅವಳು ಮೇಲಿನ ಕೋರ್ಟಿನ ಆಡಳಿತಕ್ಕೆ ಮನವಿ ಬರೆದಳು. ತೀರ್ಪಿನ ಆ ಪುಟವನ್ನು ಲಗತ್ತಿಸಿದಳು. ಅತ್ತೆ ಕನ್ನಡಕ ಏರಿಸಿ ಕರಡು ಓದಿ, ಎರಡು ಒತ್ತು ತಿದ್ದಿ, "'ದಯವಿಟ್ಟು' ಅನ್ನೋದು ನಾಲ್ಕು ಕಡೆ ಇದೆ. ಮೂರು ಹೊಡೆದುಹಾಕು," ಎಂದರು. ಅಂಚೆ ಕಚೇರಿಗೆ ಹೋಗಿ ನೋಂದಾಯಿಸಿ ಬಂದವನು ಗಂಡನೇ.

ನಾಲ್ಕು ತಿಂಗಳ ಮೇಲೆ ಉತ್ತರ ಬಂತು: "ಮನವಿಯನ್ನು ಪರಿಶೀಲಿಸಲಾಗಿದೆ. ಮಾರ್ಪಾಡಿಗೆ ಕಾರಣ ಕಂಡುಬಂದಿಲ್ಲ." ಬಡ್ತಿಯ ಪಟ್ಟಿ ಹೊರಬಿದ್ದಾಗ ಅದರಲ್ಲಿ ಗುಡುಗು ಸಾಹೇಬರ ಹೆಸರಿತ್ತು. ಅವಳಿಗಿಂತ ಅವರು ನೌಕರಿಯಲ್ಲಿ ಎರಡು ವರ್ಷ ಕಿರಿಯರು.

ಆ ಕಾಗದ ಬಂದ ಮಾರನೇ ದಿನವೇ ಅವಳು ಎರಡನೇ ಮನವಿ ಕಳಿಸಿದಳು. ಈ ಸಲ ಪ್ರಶ್ನೆ ಒಂದೇ: ಸ್ಥಿರತೆ ತಪ್ಪಿದ್ದು ಯಾವ ಆದೇಶದಲ್ಲಿ, ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ಎಂದು ತಿಳಿಸಬೇಕು. ದೊಡ್ಡ ಸಾಹೇಬರು ಮತ್ತೆ ಕರೆಸಿದರು. ಈ ಸಲ ಕೂರಲು ಹೇಳಲಿಲ್ಲ. ಅವಳೇ ಕುರ್ಚಿ ಎಳೆದುಕೊಂಡು ಕೂತಳು.

"ಇದೆಲ್ಲ ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂದ್ಕೊಂಡಿದ್ದೀರಿ? ಮೇಲಿನವರಿಗೂ ಬೇಜಾರಾಗಿದೆ. ಎಷ್ಟು ಸಲ ಬರೀತೀರಿ ನೀವು?"

"ನನ್ನ ನಿವೃತ್ತಿಗೆ ಇನ್ನೂ ಹದಿನೇಳು ವರ್ಷ ಇದೆ ಸಾರ್," ಎಂದಳು ಅವಳು. "ನಿಮ್ಮದು ಬರೋ ವರ್ಷ ಅಲ್ವಾ?"

ಅವರು ಗಂಟೆ ಒತ್ತಿದರು. ಜವಾನ ಬಾಗಿಲು ತೆರೆದು ಹಿಡಿದ. ಅವಳು ಎದ್ದು, ಕುರ್ಚಿಯನ್ನು ಇದ್ದ ಜಾಗಕ್ಕೆ ಸರಿಸಿ, ಹನ್ನೊಂದು ಗಂಟೆಯ ಕೇಸಿಗೆ ಹೊತ್ತಾಯಿತೆಂದು ಬಿರಬಿರನೆ ಮೆಟ್ಟಿಲಿಳಿದಳು.